ಅಂಗಿಯಿಂದ ಕಡತದವರೆಗೆ: ಬ್ರಿಟಿಷ್ ಸೇನಾ ದಾಖಲೆಗಳಲ್ಲಿ ಪೂರ್ವಜರ ಹುಡುಕಾಟ



ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಸಮವಸ್ತ್ರ ತೊಟ್ಟ ಪೂರ್ವಜನೊಬ್ಬನ ಫೋಟೋ ಇರುತ್ತದೆ. ಕೆಲವೊಮ್ಮೆ ಹೆಸರು ಗೊತ್ತಿರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಯಾವ ಪಲ್ಟಣ, ಯಾವ ಯುದ್ಧ, ಎಲ್ಲಿ ತೀರಿಕೊಂಡ ಎಂದು ಕೇಳಿದರೆ ಹೇಳುವವರಿಲ್ಲ. ಇಂಥ ಫೋಟೋ ಹಿಡಿದು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವವರ ಸಂಖ್ಯೆ ದೊಡ್ಡದು. ಬಟ್ಟೆಯಿಂದ ಪಲ್ಟಣ, ಪಲ್ಟಣದಿಂದ ಕಡತ, ಕಡತದಿಂದ ಮನುಷ್ಯ, ಇದು ಅವರು ಹಿಡಿಯುವ ದಾರಿ. ಆ ದಾರಿಯನ್ನು ಪರಿಚಯಿಸುವುದು ಇಂದಿನ ಉಪನ್ಯಾಸದ ಉದ್ದೇಶ.

ಇದು ನಮಗೇಕೆ ಎಂದು ನೀವು ಕೇಳಬಹುದು. ಬೆಂಗಳೂರಿನ ದಂಡು ಶುರುವಾದದ್ದು 1809ರಲ್ಲಿ. ಬಳ್ಳಾರಿ, ಬೆಳಗಾವಿಗಳಲ್ಲೂ ಬ್ರಿಟಿಷ್ ಪಡೆಗಳು ಬೀಡುಬಿಟ್ಟಿದ್ದವು. ಆ ಸೈನಿಕರಲ್ಲಿ ಹಲವರು ಇಲ್ಲಿ ಮದುವೆಯಾದರು, ಇಲ್ಲಿಯೇ ಮಣ್ಣಾದರು. ಅವರ ಕಾಗದ ಹುಡುಕುವಾಗ ನಮ್ಮ ಊರುಗಳ ಹೆಸರು ಬರುತ್ತದೆ. ಹಾಗೆಯೇ ನಮ್ಮ ಸಿಪಾಯಿಗಳ ಕಾಗದ ಹುಡುಕುವಾಗ ಲಂಡನ್ನಿನ ಹೆಸರು ಬರುತ್ತದೆ, ಅಥವಾ ಬರಬೇಕಾದ ಕಡೆ ಬರುವುದೇ ಇಲ್ಲ.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು ಬಟ್ಟೆಯ ಓದು, ಎರಡನೆಯದು ಪಲ್ಟಣ ಮತ್ತು ನಂಬರು, ಮೂರನೆಯದು ಕಡತ, ನಾಲ್ಕನೆಯದು ಭಾರತದ ಕಡೆಯ ಕಥೆ. ನಾಲ್ಕರಲ್ಲೂ ನಾನು ತೋರಿಸಬೇಕೆಂದಿರುವುದು ಒಂದೇ ಸಂಗತಿ. ಸೇನೆ ಕಾಗದ ಬರೆದದ್ದು ಮೊಮ್ಮಕ್ಕಳಿಗಾಗಿ ಅಲ್ಲ, ಲೆಕ್ಕಕ್ಕಾಗಿ. ಸರ್ಕಾರದ ದುಡ್ಡು ಎಲ್ಲಿ ಕೈ ಬದಲಾಯಿಸಿತೋ ಅಲ್ಲಿ ಹೆಸರು ಉಳಿಯಿತು. ಇದನ್ನು ನೆನಪಿಟ್ಟುಕೊಂಡರೆ ಯಾವ ಕಡತ ತೆಗೆಯಬೇಕು, ಯಾವುದರಲ್ಲಿ ಸಿಗುವುದಿಲ್ಲ ಎಂಬುದು ಮುಂಚೆಯೇ ಹೊಳೆಯುತ್ತದೆ.

ಮೊದಲ ಭಾಗಕ್ಕೆ ಬರುತ್ತೇನೆ. ಹಳೆಯ ಫೋಟೋದಲ್ಲಿ ಸಮವಸ್ತ್ರವನ್ನು ಓದುವುದು ಹೇಗೆ?

ಓದುವ ಮುನ್ನ ಎರಡು ಎಚ್ಚರ ಬೇಕು. ಹಳೆಯ ಫೋಟೋ ತಟ್ಟೆಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ನೀಲಿ ಹೆಚ್ಚಾಗಿ ಕಾಣುತ್ತಿತ್ತು. ಹಾಗಾಗಿ ಕೆಂಪು ಕೋಟು ಚಿತ್ರದಲ್ಲಿ ಹೆಚ್ಚುಕಡಿಮೆ ಕಪ್ಪಾಗಿ ಬೀಳುತ್ತದೆ, ನೀಲಿ ತಿಳಿಯಾಗುತ್ತದೆ. ಕಪ್ಪು ಕೋಟು ಕಂಡ ಕೂಡಲೇ ಕಪ್ಪು ಉಡುಪಿನ ಪಡೆ ಎಂದು ತೀರ್ಮಾನಿಸಬಾರದು. ಎರಡನೆಯದಾಗಿ, ತಗಡಿನ ಮೇಲೆ ನೇರವಾಗಿ ತೆಗೆದ 19ನೇ ಶತಮಾನದ ಚಿತ್ರಗಳಲ್ಲಿ ಎಡಬಲ ಅದಲುಬದಲಾಗಿರುತ್ತದೆ. ಸೈನಿಕ ತನ್ನ ಪದಕ ಧರಿಸುವುದು ಎಡ ಎದೆಯ ಮೇಲೆ. ಅದು ಬಲಕ್ಕೆ ಕಂಡರೆ ಚಿತ್ರವನ್ನೇ ತಿರುಗಿಸಿ ಓದಬೇಕು.

ಆಮೇಲೆ ಕಾಲಮಾನದ ಕೆಲವು ಗಡಿಗಳು. ಬ್ರಿಟಿಷ್ ಕಾಲ್ದಳ ಮೊನೆಯುಳ್ಳ ಶಿರಸ್ತ್ರಾಣವನ್ನು 1878ರಲ್ಲಿ ತೊಟ್ಟಿತು. 1881ರ ಜುಲೈ 1ರಂದು ಪಲ್ಟಣಗಳ ಪುನರ್ರಚನೆಯಾಯಿತು. ಅದರ ಜೊತೆಗೆ ಕಾಲರು ಮತ್ತು ತೋಳಂಚಿನ ಬಣ್ಣಗಳಿಗೂ ಹೊಸ ನಿಯಮ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನವರಿಗೆ ಬಿಳಿ, ಸ್ಕಾಟ್ಲೆಂಡಿನವರಿಗೆ ಹಳದಿ, ಐರ್ಲೆಂಡಿನವರಿಗೆ ಹಸಿರು, ರಾಯಲ್ ಎಂಬ ಬಿರುದುಳ್ಳ ಪಲ್ಟಣಗಳಿಗೆ ನೀಲಿ. ಖಾಕಿ ಮೊದಲು ಭಾರತದ ಗಡಿ ಪ್ರದೇಶದಲ್ಲಿ ಬಳಕೆಗೆ ಬಂದು, 1902ರಲ್ಲಿ ಇಡೀ ಸೇನೆಯ ದಿನಬಳಕೆಯ ಉಡುಪಾಯಿತು. ಹೀಗೆ ಟೊಪ್ಪಿ, ಕಾಲರು, ಬಟ್ಟೆ ಮೂರನ್ನೂ ಸೇರಿಸಿ ನೋಡಿದರೆ ಚಿತ್ರದ ಕಾಲ ಹತ್ತು ಹದಿನೈದು ವರ್ಷದ ಅಂತರಕ್ಕೆ ಇಳಿಯುತ್ತದೆ.

ಮೊದಲ ಮಹಾಯುದ್ಧದ ಚಿತ್ರವಾದರೆ ಇನ್ನೂ ಹತ್ತಿರಕ್ಕೆ ಹೋಗಬಹುದು. ಒಂದು ಮಾದರಿ ಚಿತ್ರವನ್ನು ಕಲ್ಪಿಸಿಕೊಳ್ಳಿ. ಖಾಕಿ ತೊಟ್ಟ ಯುವಕ ಸ್ಟುಡಿಯೋದ ಪರದೆಯ ಮುಂದೆ ನಿಂತಿದ್ದಾನೆ. ಟೊಪ್ಪಿಯ ಬಿಲ್ಲೆಯ ಮೇಲೆ ಚಕ್ರದ ಫಿರಂಗಿ ಇದೆ, ಹಾಗಾದರೆ ಅವನು ಫಿರಂಗಿ ದಳದವನು. ಎದೆಗೆ ಅಡ್ಡಲಾಗಿ ತೋಟಾ ಚೀಲಗಳ ಚರ್ಮದ ಪಟ್ಟಿ, ಬೂಟಿನ ಹಿಮ್ಮಡಿಗೆ ಕುದುರೆಯನ್ನು ತಿವಿಯುವ ಲೋಹದ ಮುಳ್ಳು. ಕಾಲುಪಟ್ಟಿ ಮೊಣಕಾಲಿನಿಂದ ಕೆಳಗೆ ಸುತ್ತಿ ಪಾದದ ಗಂಟಿನ ಬಳಿ ಕಟ್ಟಿದೆ. ಕಾಲ್ದಳದವನು ಅದನ್ನು ಕೆಳಗಿನಿಂದ ಸುತ್ತಿಕೊಂಡು ಮೇಲೆ, ಮೊಣಕಾಲಿನ ಕೆಳಗೆ ಕಟ್ಟುತ್ತಾನೆ. ಹಾಗಾಗಿ ಇವನು ಕುದುರೆ ಹತ್ತುತ್ತಿದ್ದವನು, ಬಹುಶಃ ಫಿರಂಗಿ ಎಳೆಯುವ ಕುದುರೆಗಳನ್ನು ಓಡಿಸುತ್ತಿದ್ದವನು.

ಈಗ ತೋಳನ್ನು ನೋಡೋಣ. ಎಡ ಮುಂಗೈ ಮೇಲೆ ನೆಟ್ಟಗೆ ನಿಂತ ಎರಡು ಇಂಚಿನ ಒಂದು ಲೋಹದ ಗೆರೆ. ಅದು ಗಾಯದ ಗುರುತು, 1916ರಲ್ಲಿ ಜಾರಿಗೆ ಬಂತು. ಬಲ ಮುಂಗೈ ಮೇಲೆ ಮೊನೆ ಮೇಲಾದ ನಾಲ್ಕು ಸಣ್ಣ ಪಟ್ಟಿಗಳು. ಇವು ಹೊರದೇಶದ ಸೇವೆಯ ಗುರುತು, 1918ರ ಆರಂಭದಿಂದ ಕೊಟ್ಟವು. ನಾಲ್ಕರಲ್ಲಿ ಒಂದು ಕಪ್ಪಾಗಿ, ಮೂರು ತಿಳಿಯಾಗಿ ಕಾಣುತ್ತವೆ. ಆಗಲೇ ಹೇಳಿದಂತೆ ಕಪ್ಪಾಗಿ ಕಂಡದ್ದು ಕೆಂಪು. 1914ರ ಡಿಸೆಂಬರ್ 31ಕ್ಕೆ ಮೊದಲೇ ಹೊರದೇಶಕ್ಕೆ ಹೋದವನಿಗೆ ಮಾತ್ರ ಕೆಂಪು ಪಟ್ಟಿ. ಉಳಿದ ನೀಲಿ ಪಟ್ಟಿಗಳು ಆಮೇಲಿನ ವರ್ಷಗಳ ಲೆಕ್ಕ.

ಅಂದರೆ ಒಂದು ಅಕ್ಷರವನ್ನೂ ಓದದೆ ನಮಗೆ ತಿಳಿದದ್ದು ಇಷ್ಟು: ಯುವಕ ಫಿರಂಗಿ ದಳದ ಸವಾರ, ಯುದ್ಧದ ಮೊದಲ ತಿಂಗಳುಗಳಲ್ಲೇ ಹೋದವನು, ಒಮ್ಮೆ ಗಾಯಗೊಂಡವನು, ಚಿತ್ರ ತೆಗೆದದ್ದು 1918ರಲ್ಲಿ ಅಥವಾ ಅದಾದ ಸ್ವಲ್ಪದರಲ್ಲೇ. ಇನ್ನೊಂದು ಮುಖ್ಯ ಸಂಗತಿಯೂ ಇದರಿಂದ ಹೊರಡುತ್ತದೆ. ಅಷ್ಟು ಮುಂಚೆ ರಣರಂಗಕ್ಕೆ ಹೋದವನಿಗೆ ಒಂದು ನಕ್ಷತ್ರ ಪದಕ ಸಂದಿರಲೇಬೇಕು. ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿ 1914ರ ನವೆಂಬರ್ 22ರೊಳಗೆ ಕಾಲಿಟ್ಟವನಾದರೆ 1914ರ ನಕ್ಷತ್ರ, ಆಮೇಲಾದರೆ 1914–15ರ ನಕ್ಷತ್ರ. ಹಾಗಾದರೆ ಪದಕದ ಪಟ್ಟಿಯಲ್ಲಿ ಅವನ ಹೆಸರನ್ನು ಹುಡುಕಬಹುದು.

ಇಲ್ಲಿಂದ ಎರಡನೆಯ ಭಾಗಕ್ಕೆ ಹೋಗೋಣ: ಪಲ್ಟಣ ಮತ್ತು ನಂಬರು.

ಬಟ್ಟೆಯನ್ನು ಇಷ್ಟು ಸೂಕ್ಷ್ಮವಾಗಿ ಓದುವುದು ಬರೀ ಕುತೂಹಲಕ್ಕಲ್ಲ. 19ನೇ ಶತಮಾನದ ಬಹುಭಾಗ ಬ್ರಿಟಿಷ್ ಸೇನೆ ಸಾಮಾನ್ಯ ಸೈನಿಕರ ಕಾಗದಗಳನ್ನು ಪಲ್ಟಣದ ಪ್ರಕಾರ ಜೋಡಿಸಿಡುತ್ತಿತ್ತು. ಅಧಿಕಾರಿಗಳ ಹೆಸರು ಅಚ್ಚಾದ ಆರ್ಮಿ ಲಿಸ್ಟ್‌ನಲ್ಲಿ ಸಿಗುತ್ತದೆ. 1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ನನ್ನು ಅವನ 4ನೇ ಹುಸಾರ್ಸ್ ಕುದುರೆ ಪಡೆಯ ಪುಟದಲ್ಲಿ ಗಳಿಗೆಯಲ್ಲಿ ಹುಡುಕಬಹುದು. ಅದೇ ಪಡೆಯ ಕುದುರೆ ಉಜ್ಜುತ್ತಿದ್ದ ಸವಾರನಿಗೆ ಅಂಥ ಪುಸ್ತಕವಿರಲಿಲ್ಲ. ಅವನ ಪಲ್ಟಣ ಗೊತ್ತಿಲ್ಲದಿದ್ದರೆ ಅವನ ಕಟ್ಟು ಯಾವುದೆಂದೇ ಗೊತ್ತಾಗುತ್ತಿರಲಿಲ್ಲ. ಗಣಕೀಕೃತ ಸೂಚಿಗಳು ಬಂದ ಮೇಲೆ ಈ ಕಷ್ಟ ಕಡಿಮೆಯಾಗಿದೆ. ಆದರೂ ಒಂದೇ ಹೆಸರಿನ ನೂರು ಜನರಲ್ಲಿ ನಮ್ಮವನು ಯಾರೆಂದು ತೀರ್ಮಾನಿಸಲು ಪಲ್ಟಣವೇ ಬೇಕು.

ಪಲ್ಟಣಗಳಿಗೂ ವಂಶಾವಳಿ ಇದೆ. 1881ರವರೆಗೆ ಕಾಲ್ದಳದ ಪಲ್ಟಣಗಳಿಗೆ ಸಂಖ್ಯೆಯೇ ಹೆಸರು. ಆಮೇಲೆ ಜೋಡಿ ಜೋಡಿಯಾಗಿ ಸೇರಿಸಿ ಪ್ರದೇಶದ ಹೆಸರು ಕೊಟ್ಟರು. ನಮಗೆ ಹತ್ತಿರದ ಎರಡು ಉದಾಹರಣೆ ಕೊಡುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವರಲ್ಲಿ 33ನೇ ಪಲ್ಟಣವೂ ಇತ್ತು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯ ಪಲ್ಟಣ ಅದು. 1881ರಲ್ಲಿ ಅದು 76ನೇ ಪಲ್ಟಣದೊಂದಿಗೆ ಸೇರಿ ಡ್ಯೂಕ್ ಆಫ್ ವೆಲಿಂಗ್ಟನ್ಸ್ ರೆಜಿಮೆಂಟ್ ಆಯಿತು. ಅದರ ಕಾಲರಿನ ಬಿಲ್ಲೆಯ ಮೇಲೆ ಅಂಬಾರಿ ಹೊತ್ತ ಆನೆ ಇದೆ. ಅದು 76ನೆಯದು ಹಿಂದುಸ್ತಾನದಲ್ಲಿ ಹೋರಾಡಿದ್ದಕ್ಕೆ ಪಡೆದ ಗೌರವ. ಯಾರ್ಕ್‌ಷೈರಿನ ಮನೆಯೊಂದರ ಫೋಟೋದಲ್ಲಿ ಆ ಆನೆಯನ್ನು ಗುರುತಿಸಿದವನು 1881ಕ್ಕೆ ಹಿಂದಿನ ಕಾಗದಕ್ಕಾಗಿ 33 ಮತ್ತು 76 ಎರಡೂ ಸಂಖ್ಯೆಗಳ ಕಟ್ಟುಗಳನ್ನು ಬಿಚ್ಚಬೇಕು.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಜೊತೆಗೆ ಯೂರೋಪಿಯನ್ನರ ಪಲ್ಟಣಗಳನ್ನೂ ಇಟ್ಟುಕೊಂಡಿತ್ತು. ಅವುಗಳಲ್ಲೊಂದು ಮದ್ರಾಸಿನ ಯೂರೋಪಿಯನ್ ಪಲ್ಟಣ. 1858ರಲ್ಲಿ ಕಂಪನಿಯ ಆಡಳಿತ ಮುಗಿದ ಮೇಲೆ ಅದು ರಾಣಿಯ ಸೇನೆಗೆ ಸೇರಿ 102ನೇ ಪಲ್ಟಣವಾಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಭಾಗವಾಯಿತು. ಆ ಐರಿಷ್ ಪಲ್ಟಣದ ಬಿಲ್ಲೆಯ ಮೇಲೆ ಹುಲಿ ಮತ್ತು ಆನೆ ಇವೆ. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ಮೈಸೂರು ಇದೆ, 1791ರಲ್ಲಿ ಕಾರ್ನ್‌ವಾಲಿಸನ ಪಡೆ ಗೆದ್ದ ನಂದಿದುರ್ಗವೂ ಇದೆ. ಡಬ್ಲಿನ್ನಿನ ಕುಟುಂಬವೊಂದು 1850ರ ಪೂರ್ವಜನನ್ನು ಹುಡುಕುತ್ತ ಕ್ಯೂಗೆ ಹೋದರೆ ಅವನು ಅಲ್ಲಿ ಸಿಗುವುದಿಲ್ಲ. ಆಗ ಅವನಿಗೆ ಸಂಬಳ ಕೊಡುತ್ತಿದ್ದದ್ದು ರಾಣಿಯಲ್ಲ, ಕಂಪನಿ. ಕಂಪನಿಯ ಕಡತಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ.

ನಂಬರಿನ ಬಗ್ಗೆ ಒಂದೇ ಮಾತು. 1920ರವರೆಗೆ ಪ್ರತಿ ಪಲ್ಟಣವೂ ತನ್ನದೇ ಸರಣಿಯಲ್ಲಿ ನಂಬರು ಕೊಡುತ್ತಿತ್ತು. ಆದ್ದರಿಂದ ಒಂದೇ ನಂಬರು ಹತ್ತಾರು ಜನರದ್ದಾಗಿರಬಹುದು. ಪಲ್ಟಣ ಬದಲಾದರೆ ನಂಬರೂ ಬದಲಾಗುತ್ತಿತ್ತು. 1917ರಲ್ಲಿ ಟೆರಿಟೋರಿಯಲ್ ಎಂಬ ಅರೆಕಾಲಿಕ ಪಡೆಗಳ ಕಾಲ್ದಳದವರಿಗೆಲ್ಲ ಹೊಸದಾಗಿ ಆರಂಕಿಯ ನಂಬರು ಕೊಟ್ಟರು. ಹೆಸರು, ಪಲ್ಟಣ, ನಂಬರು ಮೂರೂ ಹೊಂದಿದಾಗ ಮಾತ್ರ ಇವನೇ ಅವನು ಎನ್ನಬಹುದು.

ಮೂರನೆಯ ಭಾಗ ಕಡತಗಳದ್ದು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ದುಡ್ಡಿಗೂ ಹೆಸರಿಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕ್ಯೂನಲ್ಲಿರುವ ಸೇನಾ ಕಚೇರಿಯ ಕಡತಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಹಾಜರಿ ಮತ್ತು ಸಂಬಳದ ಪುಸ್ತಕಗಳು. ಬಹುಪಾಲು 18ನೇ ಶತಮಾನದಿಂದ 1878ರವರೆಗಿನವು ಒಂದು ಸರಣಿಯಲ್ಲಿವೆ. ಪಲ್ಟಣ ಎಲ್ಲಿತ್ತು, ಯಾರು ಹಾಜರು, ಯಾರು ಆಸ್ಪತ್ರೆಯಲ್ಲಿ, ಯಾರು ಸೆರೆಯಲ್ಲಿ, ಯಾರಿಗೆ ಎಷ್ಟು ಸಂಬಳ, ಎಲ್ಲವನ್ನೂ ಮೂರು ಮೂರು ತಿಂಗಳಿಗೆ ಬರೆದಿದ್ದಾರೆ. ಪೂರ್ವಜ ಬೆಂಗಳೂರಿನಲ್ಲಿದ್ದ ತಿಂಗಳುಗಳನ್ನು ಬೇರೆ ಯಾವ ಪುಸ್ತಕವೂ ಇಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ.

ಎರಡನೆಯದು ಸೈನಿಕರ ಪಿಂಚಣಿ ನೋಡಿಕೊಳ್ಳುತ್ತಿದ್ದ ಚೆಲ್ಸಿಯ ರಾಯಲ್ ಹಾಸ್ಪಿಟಲ್‌ನ ಪಿಂಚಣಿ ಕಾಗದಗಳು. 1760ರಿಂದ 1913ರವರೆಗಿನ ಈ ಸರಣಿ ಹುಡುಕುವವರ ಪಾಲಿಗೆ ನಿಧಿಯೇ ಸರಿ. ಸೈನಿಕನ ಹುಟ್ಟೂರು, ಭರ್ತಿಯಾದಾಗಿನ ವಯಸ್ಸು, ಹಿಂದಿನ ಕಸುಬು, ಸೇವೆಯ ವಿವರ, ನಡತೆ, ಬಿಡುಗಡೆಗೆ ಕಾರಣ, ಕೊನೆಗೆ ಚಹರೆ: ಎತ್ತರ, ಮೈಬಣ್ಣ, ಕಣ್ಣು, ಕೂದಲು. ಫೋಟೋ ಇಲ್ಲದ ಕಾಲದಲ್ಲಿ ಚಹರೆ ಬರೆದದ್ದು ಬೇರೊಬ್ಬ ಬಂದು ಪಿಂಚಣಿ ಎತ್ತಿಕೊಂಡು ಹೋಗಬಾರದೆಂದು. ಆ ಅನುಮಾನದಿಂದಾಗಿ ಇಂದು ಮರಿಮಗಳೊಬ್ಬಳಿಗೆ ತನ್ನ ಮುತ್ತಜ್ಜನ ಕಣ್ಣು ಬೂದು ಬಣ್ಣದ್ದೆಂದು ತಿಳಿಯುತ್ತದೆ. ಆದರೆ 1883ರವರೆಗೆ ಈ ಸರಣಿಯಲ್ಲಿ ಜಾಗ ಸಿಕ್ಕಿದ್ದು ಪಿಂಚಣಿ ಪಡೆದವರಿಗೆ ಮಾತ್ರ. ಸೇವೆಯಲ್ಲೇ ಸತ್ತವನು, ಓಡಿಹೋದವನು, ಪಿಂಚಣಿಯಿಲ್ಲದೆ ಬಿಟ್ಟವನು ಇದರಲ್ಲಿಲ್ಲ. ಅವರನ್ನು ಮತ್ತೆ ಹಾಜರಿ ಪುಸ್ತಕದಲ್ಲೇ ಹುಡುಕಬೇಕು.

ಹೆಂಡತಿಯರ ಗತಿಯೂ ಇದೇ. ಮದುವೆಗೆ ಕಮಾಂಡರನ ಅನುಮತಿ ಬೇಕಿತ್ತು. ಪಡೆಯ ಲೆಕ್ಕದೊಳಗೆ ಸೇರಿದ ಕೆಲವೇ ಹೆಂಗಸರಿಗೆ ಪಡಿತರ, ವಸತಿ ಸಿಗುತ್ತಿತ್ತು. ಅವರ ಹೆಸರು ಸೇನೆಯ ಕಾಗದದಲ್ಲಿ ಬರುತ್ತದೆ. ಅನುಮತಿಯಿಲ್ಲದೆ ಮದುವೆಯಾದವಳು ಸೇನೆಯ ಕಣ್ಣಿಗೆ ಇಲ್ಲವೇ ಇಲ್ಲ. ಅವಳನ್ನು ಚರ್ಚಿನ ಪುಸ್ತಕದಲ್ಲಿ ನೋಡಬೇಕು.

ಮೊದಲ ಮಹಾಯುದ್ಧದ ವಿಷಯದಲ್ಲಿ ಒಂದು ಅನಾಹುತವನ್ನು ಹೇಳಲೇಬೇಕು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ದಕ್ಷಿಣ ಲಂಡನ್ನಿನ ಆರ್ನ್‌ಸೈಡ್ ಬೀದಿಯಲ್ಲಿದ್ದ ಸೇನಾ ಕಚೇರಿಯ ಉಗ್ರಾಣ ಉರಿಯಿತು. ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಸುಮಾರು ಶೇ. 60 ನಾಶವಾದವು. ಮಿಕ್ಕವು ಬೆಂಕಿಯಲ್ಲಿ ಅಂಚು ಸುಟ್ಟು, ಆರಿಸಿದ ನೀರಿನಲ್ಲಿ ನೆನೆದು ಉಳಿದವು. ಹುಡುಕುವವರು ಇವನ್ನು ಸುಟ್ಟ ಕಡತಗಳು ಎಂದೇ ಕರೆಯುತ್ತಾರೆ. ಭರ್ತಿ ಅರ್ಜಿಯ ಮೇಲ್ಭಾಗದಲ್ಲಿ ನಂಬರಿರಬೇಕಾದ ಕಡೆ ಸುಟ್ಟ ಅರ್ಧಚಂದ್ರ, ಕೆಳಗೆ ಮಸಿ ಹರಡಿ ನೀಲಿಯಾದ ಸಹಿ, ಇಂಥ ಹಾಳೆಗಳು ಸಾವಿರಾರು ಇವೆ.

ಹಾಗಾದರೆ ಕಡತ ಸುಟ್ಟುಹೋದವನ ಕುರುಹು ಎಲ್ಲಿ? ದುಡ್ಡಿನ ಕಾಗದ ಬೇರೆ ಕಡೆ ಇದ್ದುದರಿಂದ ಅದು ಉಳಿಯಿತು. ಗಾಯ, ಕಾಯಿಲೆಯ ಕಾರಣ ಪಿಂಚಣಿ ಕೇಳಿದವರ ಕಡತಗಳು ಪಿಂಚಣಿ ಸಚಿವಾಲಯದ ಬಳಿ ಇದ್ದವು. ಅವು ಸುಡದ ಕಡತಗಳು. ಪದಕದ ಪಟ್ಟಿಗಳೂ ಸೂಚಿ ಚೀಟಿಗಳೂ ಉಳಿದವು. ನಮ್ಮ ಮಾದರಿ ಚಿತ್ರದ ಫಿರಂಗಿ ಸವಾರನ ನಂಬರು, ಅವನು ಯಾವ ರಣರಂಗಕ್ಕೆ ಯಾವ ದಿನ ಕಾಲಿಟ್ಟ ಎಂಬುದು ಒಂದು ಚೀಟಿಯಲ್ಲೇ ಸಿಗಬಹುದು. ಸತ್ತ ಸೈನಿಕರದ್ದಾದರೆ ಬಾಕಿ ಸಂಬಳದ ರಿಜಿಸ್ಟರುಗಳು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿವೆ. ಸತ್ತವನಿಗೆ ಸಲ್ಲಬೇಕಾದ ಸಂಬಳ ಯಾರ ಕೈ ಸೇರಿತು, ತಾಯಿಗೋ, ಹೆಂಡತಿಗೋ, ತಂಗಿಗೋ ಎಂಬುದನ್ನು ಪೌಂಡು, ಶಿಲಿಂಗು, ಪೆನ್ನಿಯ ಸಮೇತ ಬರೆದಿದ್ದಾರೆ. ಬಾಕಿ ಸಂಬಳದ ಜೊತೆಗೆ ಬರೆದಿರುವ ಯುದ್ಧದ ಗ್ರಾಚ್ಯುಟಿ ಸೇವೆಯ ಅವಧಿಗೆ ತಕ್ಕಂತೆ ಹೆಚ್ಚುತ್ತಿದ್ದುದರಿಂದ, ಆ ಮೊತ್ತವನ್ನು ಹಿಂದಕ್ಕೆ ಲೆಕ್ಕ ಹಾಕಿ ಅವನು ಯಾವಾಗ ಸೇರಿದ ಎಂದು ಅಂದಾಜು ಮಾಡಬಹುದು. ಕುಟುಂಬದ ಒಳಸಂಬಂಧವನ್ನೂ ಸೇರ್ಪಡೆಯ ತಿಂಗಳನ್ನೂ ಲೆಕ್ಕಿಗನ ಒಂದು ಸಾಲು ಹೇಳುತ್ತದೆ.

ಈಗ ಕೊನೆಯ ಭಾಗ. ಇದೇ ಅಳತೆಗೋಲನ್ನು ಭಾರತದ ಕಡೆಗೆ ತಿರುಗಿಸೋಣ.

ಇಲ್ಲಿದ್ದ ಬ್ರಿಟಿಷ್ ಸೈನಿಕರ ವಿಷಯ ಸುಲಭ. ಬೆಂಗಳೂರು, ಬಳ್ಳಾರಿಗಳ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ಪಲ್ಟಣದವರ ಸಮಾಧಿಗಳಿವೆ. ಡಚ್ಚರ ಕೆಲಸದಲ್ಲಿದ್ದ ಆ ಪಲ್ಟಣ 1795ರಲ್ಲಿ ಬ್ರಿಟಿಷರ ಸಂಬಳಕ್ಕೆ ಬಂತು. ಸ್ವಿಟ್ಜರ್ಲೆಂಡಿನ ಕುಟುಂಬಗಳು ಕೂಡ ಲಂಡನ್ನಿನ ದಾರಿ ಹಿಡಿಯಬೇಕಾದದ್ದು ಹೀಗೆ.

ಇಲ್ಲಿ ಒಂದು ಎಚ್ಚರಿಕೆ. ಬೆಂಗಳೂರು ಮತ್ತು ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಖಾಕಿ ತೊಟ್ಟ ತಾತಂದಿರ ಫೋಟೋ ಸಾಮಾನ್ಯ. ಅವರಲ್ಲಿ ಬಹಳ ಜನ ಪೂರ್ಣಾವಧಿ ಸೈನಿಕರಲ್ಲ. ಗಣಿಯಲ್ಲೋ ರೈಲ್ವೆಯಲ್ಲೋ ಕೆಲಸಕ್ಕಿದ್ದು ವಾರಕ್ಕೊಮ್ಮೆ ಕವಾಯತು ಮಾಡುತ್ತಿದ್ದ ಸ್ವಯಂಸೇವಕ ಪಡೆಗಳವರು. 1920ರ ನಂತರ ಈ ಪಡೆಗಳು ಆಕ್ಸಿಲಿಯರಿ ಫೋರ್ಸ್ ಎಂಬ ಹೆಸರಿನಲ್ಲಿ ನಡೆದವು. ಅವರ ಹೊಟ್ಟೆಪಾಡಿನ ಸಂಬಳ ಬಂದದ್ದು ಗಣಿ ಕಂಪನಿಯಿಂದ, ರೈಲ್ವೆಯಿಂದ. ಕ್ಯೂನಲ್ಲಿ ಅವರನ್ನು ಹುಡುಕಿ ಸಿಗಲಿಲ್ಲವೆಂದು ಮನೆಯ ಕಥೆಯೇ ಸುಳ್ಳು ಎನ್ನಬಾರದು. ಬಿಲ್ಲೆಯನ್ನು ಇನ್ನೊಮ್ಮೆ ನೋಡಬೇಕು.

ಸಿಪಾಯಿಗಳ ವಿಷಯ ಬೇರೆ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಲ್ಲಿ ಸೇವೆ ಸಲ್ಲಿಸಿದರು. ಅವರಿಗೂ ಸಂಬಳ, ಪಿಂಚಣಿ ಇತ್ತು. ಆದರೆ ಅದನ್ನು ಬಟವಾಡೆ ಮಾಡಿದ್ದು ಇಲ್ಲಿಯೇ, ಪಲ್ಟಣದ ಕಚೇರಿಯಲ್ಲಿ, ಜಿಲ್ಲಾ ಖಜಾನೆಯಲ್ಲಿ. ಹಾಗಾಗಿ ಬ್ರಿಟಿಷ್ ಸೈನಿಕನಿಗೆ ಲಂಡನ್ನಿನಲ್ಲಿರುವಂಥ ಒಟ್ಟು ಸರಣಿ ಸಿಪಾಯಿಗೆ ಅಲ್ಲಿ ಇಲ್ಲ. ಕಲ್ಲಿನ ಮೇಲೂ ಈ ಭೇದ ಕಾಣುತ್ತದೆ. ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ ಬಾಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದರು. ಸಾಮಾನ್ಯ ಸಿಪಾಯಿಗಳದ್ದು ಪಲ್ಟಣದ ಹೆಸರು, ಸತ್ತವರ ಸಂಖ್ಯೆ ಅಷ್ಟೇ. ಮುಂದೆ ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡ ಮರಾಠಾ ಪಲ್ಟಣಗಳು ಅದೇ ರಂಗದಲ್ಲಿ, ಕುತ್‌ನ ಮುತ್ತಿಗೆಯಲ್ಲಿ ಹೋರಾಡಿದ್ದವು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕದಲ್ಲಿ ಮಾತ್ರ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು.

ಆದರೂ ಕೈಚೆಲ್ಲಬೇಕಿಲ್ಲ. ಪಂಜಾಬಿನಿಂದ ಹೋದ ಸುಮಾರು 3,20,000 ಸೈನಿಕರ ವಿವರಗಳುಳ್ಳ ರಿಜಿಸ್ಟರುಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದವು. ಊರೂರಿನ ಪ್ರಕಾರ ಬರೆದಿದ್ದ ಅವು 2021ರಿಂದ ಗಣಕೀಕೃತವಾಗಿ ಸಾರ್ವಜನಿಕರಿಗೆ ಸಿಗತೊಡಗಿದವು. ನೂರು ವರ್ಷದ ಬಳಿಕ ಬ್ರಿಟನ್ನಿನ ಪಂಜಾಬಿ ಕುಟುಂಬಗಳು ತಮ್ಮ ಊರಿನ ಪುಟ ತೆರೆದು ನೋಡುವಂತಾಯಿತು. ಲಂಡನ್ನಿನಲ್ಲಿ ಇಲ್ಲದ್ದು ಎಲ್ಲಿಯೂ ಇಲ್ಲವೆಂದು ಅರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಷ್ಟರಿಂದ ಎರಡು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಹುಡುಕುವವರಿಗೆ. ಫೋಟೋವನ್ನು ಟೊಪ್ಪಿಯಿಂದ ಬೂಟಿನವರೆಗೆ ಓದಿ, ಹಿಂಬದಿಯ ಸ್ಟುಡಿಯೋ ಮುದ್ರೆಯನ್ನು ಬಿಡಬೇಡಿ. ಕಾಲ ಮತ್ತು ಪಲ್ಟಣವನ್ನು ಗೊತ್ತುಮಾಡಿಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ವರ್ಷ ಇವನಿಗೆ ಸಂಬಳ ಕೊಟ್ಟವರು ಯಾರು, ಕೊಟ್ಟದ್ದನ್ನು ಬರೆದಿಟ್ಟವರು ಯಾರು? ಉತ್ತರ ಕ್ಯೂ ಆಗಬಹುದು, ಇಂಡಿಯಾ ಆಫೀಸ್ ಆಗಬಹುದು, ಗಣಿಯ ಕಚೇರಿಯಾಗಬಹುದು, ಜಿಲ್ಲಾ ಖಜಾನೆಯಾಗಬಹುದು.

ಎರಡನೆಯದು ನಮ್ಮ ಸಂಸ್ಥೆಗಳಿಗೆ. ಬೆಳಗಾವಿ, ಧಾರವಾಡ, ವಿಜಯಪುರಗಳ ಸಿಪಾಯಿ ಮನೆತನಗಳಿಗೆ, ಹಳೆಯ ಮೈಸೂರಿನ ಸವಾರರ ಮನೆತನಗಳಿಗೆ ಲಾಹೋರಿನಂಥ ಪುಸ್ತಕ ನಮ್ಮಲ್ಲಿ ಇನ್ನೂ ತೆರೆದಿಲ್ಲ. ಖಜಾನೆಯ ಹಳೆಯ ಪಿಂಚಣಿ ರಿಜಿಸ್ಟರುಗಳನ್ನು ರದ್ದಿಗೆ ಹಾಕುವ ಮುನ್ನ ಪತ್ರಾಗಾರದವರನ್ನು ಕರೆಸಿ ತೋರಿಸುವ ಪದ್ಧತಿ ಬರಬೇಕು. ಮನೆಗಳಲ್ಲಿರುವ ಬಿಡುಗಡೆ ಪತ್ರ, ಪದಕ, ಫೋಟೋಗಳ ಪ್ರತಿ ತೆಗೆದು, ಊರು ಮತ್ತು ಪಲ್ಟಣದ ಹೆಸರು ಬರೆದಿಡುವ ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕಿನಲ್ಲಿ ಶುರುಮಾಡಬಹುದು. ಅದಕ್ಕೆ ದೊಡ್ಡ ಅನುದಾನ ಬೇಡ. ಯಾರೋ ಗುಮಾಸ್ತ ಬರೀ ಲೆಕ್ಕಕ್ಕಾಗಿ ಬರೆದಿಟ್ಟ ಸಾಲು ಅಲ್ಲಿನವರ ಪೂರ್ವಜರನ್ನು ಉಳಿಸಿಕೊಟ್ಟಿತು. ನಮ್ಮವರದ್ದನ್ನು ನಾವು ಬೇಕೆಂದೇ ಬರೆದಿಡಬೇಕಾಗಿದೆ.